ರೈಲು ಹಳಿ ಪಕ್ಕದ ‘ಡಬ್ಲ್ಯು/ಎಲ್’, ‘ಟಿ/ಪಿ’, ‘ಟಿ/ಜಿ’ ಫಲಕಗಳ ಅರ್ಥವೇನು? ಫಾರ್ವರ್ಡ್‌ಗಳಲ್ಲಿ ಎಷ್ಟು ನಿಜ?

ಹಳದಿ ಬೋರ್ಡಿನ ಒಂದು ಫೋಟೊ. ಕೆಳಗೆ ಒಂದು ಸಾಲು: ‘ಶೇ. 99 ಜನರಿಗೆ ಇದರ ಅರ್ಥ ಗೊತ್ತಿಲ್ಲ, ನಿಮಗೆ ಗೊತ್ತೇ?’ ಇಂಥ ಮೆಸೇಜು ನಿಮ್ಮ ವಾಟ್ಸ್ಆ್ಯಪ್ ಗುಂಪಿಗೂ ಒಮ್ಮೆಯಾದರೂ ಬಂದಿರುತ್ತದೆ. ಕೆಲವದರಲ್ಲಿ ಸರಿಯಾದ ಉತ್ತರವಿರುತ್ತದೆ, ಕೆಲವದರಲ್ಲಿ ಅರ್ಧ ಸತ್ಯ, ಇನ್ನು ಕೆಲವು ಪೂರ್ತಿ ಊಹೆ. ಓದಿ, ‘ಓಹೋ’ ಎಂದು, ಮುಂದಕ್ಕೆ ಕಳಿಸಿ ಮರೆತುಬಿಡುತ್ತೇವೆ.

ಆದರೆ ಈ ಫಲಕಗಳು ಕ್ವಿಜ್ ಪ್ರಶ್ನೆಗಳಲ್ಲ. ಹಳಿ ದಾಟುವವರ, ಹಳಿ ಪಕ್ಕದಲ್ಲೇ ಮನೆ-ಹೊಲ ಇರುವವರ, ಗೇಟಿನ ಬಳಿ ಬೈಕ್ ನಿಲ್ಲಿಸಿ ಕಾಯುವವರ ಜೀವಕ್ಕೆ ನೇರವಾಗಿ ಸಂಬಂಧಪಟ್ಟ ಮಾಹಿತಿ ಅವುಗಳಲ್ಲಿದೆ. ಭಾರತೀಯ ರೈಲ್ವೆಯ ಹಳಿಗಳ ಪಕ್ಕ ಸಾಮಾನ್ಯವಾಗಿ ಕಾಣುವ ಫಲಕಗಳು ಏನು ಹೇಳುತ್ತವೆ, ಅವುಗಳ ಬಗ್ಗೆ ಹರಿದಾಡುವ ಮಾತುಗಳಲ್ಲಿ ಯಾವುದು ನಿಜ, ಯಾವುದು ಸುಳ್ಳು ಎಂದು ಒಂದೊಂದಾಗಿ ನೋಡೋಣ.

ಮೊದಲು ಒಂದು ಮಾತು: ಈ ಬೋರ್ಡುಗಳು ಯಾರಿಗಾಗಿ?

ಹಳಿ ಪಕ್ಕದ ಬಹುತೇಕ ಫಲಕಗಳು ಇರುವುದು ಪ್ರಯಾಣಿಕರಿಗಲ್ಲ, ರೈಲು ಓಡಿಸುವ ಲೋಕೊ ಪೈಲಟ್‌ಗೆ. ರಸ್ತೆಯಲ್ಲಿ ಹೋಗುವಾಗ ಅಪಾಯ ಕಂಡ ಮೇಲೆ ಬ್ರೇಕ್ ಹಾಕಿದರೂ ಎಷ್ಟೋ ಸಲ ಪಾರಾಗಬಹುದು. ರೈಲಿನಲ್ಲಿ ಅದು ಸಾಧ್ಯವಿಲ್ಲ. ಇಪ್ಪತ್ತಕ್ಕೂ ಹೆಚ್ಚು ಬೋಗಿಗಳ ಒಂದು ಎಕ್ಸ್‌ಪ್ರೆಸ್ ರೈಲಿನ ತೂಕ ಸಾವಿರ ಟನ್ ದಾಟುತ್ತದೆ. ಉಕ್ಕಿನ ಗಾಲಿ ಉಕ್ಕಿನ ಹಳಿಯ ಮೇಲೆ ಉರುಳುವಾಗ ಘರ್ಷಣೆ ಬಹಳ ಕಡಿಮೆ. ಅದರಿಂದಲೇ ರೈಲು ಕಡಿಮೆ ಶಕ್ತಿಯಲ್ಲಿ ಅಷ್ಟು ಭಾರ ಎಳೆಯುತ್ತದೆ, ಅದರಿಂದಲೇ ಬೇಗ ನಿಲ್ಲುವುದೂ ಇಲ್ಲ. ಪೂರ್ಣ ವೇಗದಲ್ಲಿರುವ ರೈಲು ತುರ್ತು ಬ್ರೇಕ್ ಹಾಕಿದ ಮೇಲೂ ನೂರಾರು ಮೀಟರ್, ಕೆಲವೊಮ್ಮೆ ಒಂದು ಕಿಲೋಮೀಟರ್‌ಗೂ ಹೆಚ್ಚು ದೂರ ಸಾಗಿಯೇ ನಿಲ್ಲುತ್ತದೆ.

ಹಾಗಾಗಿ ಮುಂದೆ ಏನಿದೆ ಎಂಬುದು ಕಣ್ಣಿಗೆ ಕಾಣುವ ಮೊದಲೇ ಪೈಲಟ್‌ಗೆ ತಿಳಿದಿರಬೇಕು. ಆ ಕೆಲಸ ಮಾಡುವುದು ಸಿಗ್ನಲ್‌ಗಳು ಮತ್ತು ಈ ಫಲಕಗಳು. ಹೊಸ ಮಾರ್ಗದಲ್ಲಿ ಸ್ವತಂತ್ರವಾಗಿ ರೈಲು ಓಡಿಸುವ ಮುನ್ನ ಪೈಲಟ್ ಆ ದಾರಿಯಲ್ಲಿ ಹಗಲು-ರಾತ್ರಿ ಓಡಾಡಿ ತಿರುವು, ಇಳಿಜಾರು, ಸಿಗ್ನಲ್ ಎಲ್ಲವನ್ನೂ ಕಲಿಯಬೇಕೆಂಬ ನಿಯಮವೇ ಇದೆ. ಫಲಕಗಳು ಆ ಕಲಿಕೆಯನ್ನು ಸ್ಥಳದಲ್ಲೇ ನೆನಪಿಸುತ್ತವೆ.

‘ಡಬ್ಲ್ಯು/ಎಲ್’ ಅಂದರೆ ‘ವಾಟರ್ ಲೆವೆಲ್’ ಅಲ್ಲ

ಹಳದಿ ಹಲಗೆ, ಕಪ್ಪು ಅಕ್ಷರ. ಇಂಗ್ಲಿಷಿನಲ್ಲಿ ‘ಡಬ್ಲ್ಯು/ಎಲ್’, ಹಿಂದಿಯಲ್ಲಿ ‘ಸೀ/ಫಾ’. ನೀರಿನ ಮಟ್ಟಕ್ಕೂ ವೇಟಿಂಗ್ ಲಿಸ್ಟಿಗೂ ಇದಕ್ಕೂ ಸಂಬಂಧವಿಲ್ಲ. ಇಂಗ್ಲಿಷಿನಲ್ಲಿ ‘ವಿಸಲ್ ಫಾರ್ ಲೆವೆಲ್ ಕ್ರಾಸಿಂಗ್’, ಹಿಂದಿಯಲ್ಲಿ ‘ಸೀಟಿ/ಫಾಟಕ್’. ಅಂದರೆ ‘ಮುಂದೆ ರಸ್ತೆ ಹಳಿಯನ್ನು ದಾಟುತ್ತದೆ, ಸೀಟಿ ಹಾಕು’ ಎಂದು ಪೈಲಟ್‌ಗೆ ಹೇಳುವ ಬೋರ್ಡು.

ಬ್ರಾಡ್‌ಗೇಜ್ ಹಳಿಯಲ್ಲಿ ಇದನ್ನು ಸಾಮಾನ್ಯವಾಗಿ ಲೆವೆಲ್ ಕ್ರಾಸಿಂಗ್‌ಗೆ 600 ಮೀಟರ್ ಮೊದಲು ನೆಡುತ್ತಾರೆ. ಈ ಬೋರ್ಡು ದಾಟಿದ ಕೂಡಲೇ ಪೈಲಟ್ ಉದ್ದವಾಗಿ ಹಾರ್ನ್ ಮಾಡಲು ಶುರುಮಾಡಬೇಕು, ಕ್ರಾಸಿಂಗ್ ದಾಟುವವರೆಗೂ ಮುಂದುವರಿಸಬೇಕು. ಬರೀ ‘ಡಬ್ಲ್ಯು’ ಎಂದಿದ್ದರೆ ಅದು ಸೇತುವೆ, ಸುರಂಗ, ಕಡಿದಾದ ತಿರುವು ಮುಂತಾದ ಕಡೆ ಸೀಟಿ ಹಾಕುವ ಸೂಚನೆ.

ಇಲ್ಲಿ ಒಂದು ಲೆಕ್ಕ ಮಾಡಿ. ಗಂಟೆಗೆ 110 ಕಿ.ಮೀ. ವೇಗದ ರೈಲು ಒಂದು ಸೆಕೆಂಡಿಗೆ 30 ಮೀಟರ್‌ಗೂ ಹೆಚ್ಚು ಓಡುತ್ತದೆ. 600 ಮೀಟರ್ ಕ್ರಮಿಸಲು ಅದಕ್ಕೆ ಬೇಕಾಗುವುದು ಸುಮಾರು 20 ಸೆಕೆಂಡ್. ವೇಗ 130 ಕಿ.ಮೀ. ಇದ್ದರೆ ಸುಮಾರು 17 ಸೆಕೆಂಡ್. ಆರಾಮವಾಗಿ ನಡೆಯುವವರಿಗೆ ಜೋಡಿ ಹಳಿ ದಾಟಲು ಸುಮಾರು ಹತ್ತು ಸೆಕೆಂಡ್ ಬೇಕು. ತಲೆ ಮೇಲೆ ಹೊರೆ ಇದ್ದರೆ, ಜೊತೆಗೆ ಮಗುವಿದ್ದರೆ, ದನ ಹೊಡೆದುಕೊಂಡು ಹೋಗುತ್ತಿದ್ದರೆ ಇನ್ನೂ ಹೆಚ್ಚು.

ಅಂದರೆ ಸೀಟಿ ಕೇಳಿಸಿದ ಮೇಲೆ ‘ಇನ್ನೂ ದೂರ ಇದೆ, ದಾಟಿಬಿಡೋಣ’ ಎಂದು ಯೋಚಿಸಲು ಸಮಯವೇ ಇಲ್ಲ. ಸೀಟಿ ಕೇಳಿದರೆ ಹಿಂದೆ ನಿಲ್ಲಬೇಕು, ಅಷ್ಟೆ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡಿದ್ದರೆ ಆ 20 ಸೆಕೆಂಡೂ ನಿಮ್ಮ ಕೈಯಲ್ಲಿಲ್ಲ.

ಇದಕ್ಕಿಂತ ಅಪಾಯಕಾರಿ ಇನ್ನೊಂದು ನಂಬಿಕೆ: ‘ಸೀಟಿ ಕೇಳಿಸಲಿಲ್ಲ, ಅಂದರೆ ರೈಲು ಬರುತ್ತಿಲ್ಲ’. ಈ ಬೋರ್ಡು ಇರುವುದು ಅಧಿಕೃತ ಕ್ರಾಸಿಂಗ್‌ಗಳ ಮುಂದೆ ಮಾತ್ರ. ಊರಿನವರು ಓಡಾಡಿ ಮಾಡಿಕೊಂಡ ಕಾಲುದಾರಿಯ ಮುಂದೆ ಬೋರ್ಡು ಇರುವುದಿಲ್ಲ, ಅಲ್ಲಿ ಸೀಟಿ ಹಾಕಬೇಕೆಂದು ಪೈಲಟ್‌ಗೆ ಗೊತ್ತಾಗುವುದೂ ಇಲ್ಲ. ಜೊತೆಗೆ ಡೀಸೆಲ್ ಎಂಜಿನ್ ಹೋಗಿ ವಿದ್ಯುತ್ ಎಂಜಿನ್ ಬಂದ ಮಾರ್ಗಗಳಲ್ಲಿ ಆ ಹಳೆಯ ಗುಡುಗಿನ ಸದ್ದೂ ಇಲ್ಲ.

ಮೀನಿನ ಬಾಲದ ಬೋರ್ಡು, ತ್ರಿಕೋನ, ‘ಟಿ/ಪಿ’, ‘ಟಿ/ಜಿ’

ಹಳಿ ಅಥವಾ ಸೇತುವೆ ದುರಸ್ತಿ ನಡೆಯುತ್ತಿರುವ ಜಾಗದಲ್ಲಿ ರೈಲು ನಿಧಾನವಾಗಿ ಹೋಗಬೇಕು. ಅದಕ್ಕಾಗಿ ಸಾಲಾಗಿ ಕೆಲವು ಫಲಕ ಇಡುತ್ತಾರೆ. ಬೇರೆಬೇರೆಯಾಗಿ ನೋಡಿದರೆ ಗೊಂದಲ, ಒಟ್ಟಿಗೆ ನೋಡಿದರೆ ಒಂದು ವಾಕ್ಯದಂತೆ ಓದಬಹುದು.

ಮೊದಲನೆಯದು ‘ಎಚ್ಚರಿಕೆ’ ಫಲಕ. ತುದಿ ಮೀನಿನ ಬಾಲದಂತೆ ಸೀಳಿದ ಹಳದಿ ಹಲಗೆ, ಮೇಲೆ ಕಪ್ಪು ಪಟ್ಟಿಗಳು. ಬ್ರಾಡ್‌ಗೇಜ್‌ನಲ್ಲಿ ಇದು ಸಾಮಾನ್ಯವಾಗಿ ನಿಧಾನಿಸಬೇಕಾದ ಜಾಗಕ್ಕಿಂತ 1200 ಮೀಟರ್ ಮೊದಲೇ ಇರುತ್ತದೆ. ‘ಮುಂದೆ ವೇಗ ಮಿತಿ ಇದೆ, ಈಗಲೇ ಇಳಿಸಲು ಶುರುಮಾಡು’ ಎಂದರ್ಥ.

ಎರಡನೆಯದು ‘ವೇಗ’ ಫಲಕ. ಹಳದಿ ತ್ರಿಕೋನದ ಮೇಲೆ ಕಪ್ಪು ಅಂಕಿ. 20 ಎಂದಿದ್ದರೆ ಗಂಟೆಗೆ 20 ಕಿ.ಮೀ. ಮೀರುವಂತಿಲ್ಲ. ಇದು ಆ ಜಾಗಕ್ಕೆ ಸುಮಾರು 30 ಮೀಟರ್ ಮೊದಲು ಇರುತ್ತದೆ.

ಮೂರನೆಯದು ಬಹಳ ಜನ ಫೋಟೊ ಹೊಡೆದು ಹಂಚುವ ಹಳದಿ ದುಂಡು ಬಿಲ್ಲೆಗಳು: ‘ಟಿ/ಪಿ’ ಮತ್ತು ‘ಟಿ/ಜಿ’. ‘ಟಿ’ ಎಂದರೆ ಟರ್ಮಿನೇಷನ್, ಅಂದರೆ ವೇಗ ಮಿತಿಯ ಮುಕ್ತಾಯ. ‘ಪಿ’ ಪ್ಯಾಸೆಂಜರ್ ರೈಲಿಗೆ, ‘ಜಿ’ ಗೂಡ್ಸ್ ರೈಲಿಗೆ. ‘ಟಿ/ಪಿ’ ಎಂದರೆ ಟೆಲಿಫೋನ್ ಪಾಯಿಂಟ್ ಅಲ್ಲ, ‘ಟಿ/ಜಿ’ ಟ್ರ್ಯಾಕ್ ಗೇಜೂ ಅಲ್ಲ.

ಮಿತಿ ಒಂದೇ ಆದಾಗ ಮುಕ್ತಾಯಕ್ಕೆ ಎರಡು ಬೋರ್ಡು ಯಾಕೆ? ಇಲ್ಲೇ ಇದರ ಸ್ವಾರಸ್ಯ ಇರುವುದು. ದುರಸ್ತಿಯ ಸೇತುವೆಯನ್ನು ಎಂಜಿನ್ ದಾಟಿತು ಎಂದಿಟ್ಟುಕೊಳ್ಳಿ. ಪೈಲಟ್ ಕಣ್ಣಿಗೆ ಮುಂದೆ ಖಾಲಿ ಹಳಿ ಕಾಣುತ್ತಿದೆ. ಆದರೆ ಹಿಂದಿನ ಬೋಗಿಗಳು ಇನ್ನೂ ಸೇತುವೆಯ ಮೇಲೇ ಇವೆ. ಈಗಲೇ ವೇಗ ಹೆಚ್ಚಿಸಿದರೆ ಅಪಾಯ ಅವರಿಗೆ. ಆದ್ದರಿಂದ ಕೊನೆಯ ಬೋಗಿಯೂ ದಾಟಿದೆ ಎಂದು ಖಚಿತವಾಗುವಷ್ಟು ದೂರದಲ್ಲಿ, ಅಂದರೆ ರೈಲಿನ ಉದ್ದದಷ್ಟು ಮುಂದೆ, ಈ ಬೋರ್ಡು ನೆಡುತ್ತಾರೆ. 24 ಬೋಗಿಗಳ ಪ್ರಯಾಣಿಕ ರೈಲು ಸುಮಾರು 600 ಮೀಟರ್ ಉದ್ದ. ಗೂಡ್ಸ್ ರೈಲು ಸಾಮಾನ್ಯವಾಗಿ ಅದಕ್ಕಿಂತ ಉದ್ದ. ಹಾಗಾಗಿ ಇಬ್ಬರಿಗೂ ಬೇರೆಬೇರೆ ಬಿಲ್ಲೆ.

ನಿಮ್ಮ ಊರ ಬಳಿ ಇಂಥ ಫಲಕಗಳ ಸಾಲು ಕಂಡರೆ ಎರಡು ವಿಷಯ ನೆನಪಿರಲಿ. ಒಂದು, ಅಲ್ಲಿ ಹಳಿ ಕೆಲಸ ನಡೆಯುತ್ತಿದೆ, ಟ್ರ್ಯಾಕ್‌ಮನ್‌ಗಳು ಹಳಿಯ ಮೇಲಿದ್ದಾರೆ, ಅವರ ಜೀವ ಆ ಬೋರ್ಡಿನ ಮೇಲೆ ನಿಂತಿದೆ. ಅದನ್ನು ಕೀಳುವುದು, ತಿರುಗಿಸುವುದು, ಗುಜರಿಗೆ ಹಾಕುವುದು ತಮಾಷೆಯಲ್ಲ. ಎರಡು, ಅಲ್ಲಿ ರೈಲು ನಿಧಾನವಾಗಿ ಬರುತ್ತದೆಂದು ಹಳಿ ದಾಟುವ ಅಭ್ಯಾಸ ಮಾಡಿಕೊಳ್ಳಬೇಡಿ. ಕೆಲಸ ಮುಗಿದ ದಿನ ಬೋರ್ಡು ಹೋಗುತ್ತದೆ, ರೈಲು ಮತ್ತೆ ಪೂರ್ಣ ವೇಗದಲ್ಲಿ ಬರುತ್ತದೆ.

ಕೊನೆಯ ಬೋಗಿಯ ಹಿಂದಿನ ‘ಎಕ್ಸ್’

ಇದು ಹಳಿ ಪಕ್ಕದ ಫಲಕವಲ್ಲ, ಆದರೆ ಫಾರ್ವರ್ಡ್‌ಗಳಲ್ಲಿ ಇದಕ್ಕೂ ಜಾಗ ಇದ್ದೇ ಇರುತ್ತದೆ. ಇಲ್ಲಿ ಮಾತ್ರ ಮೆಸೇಜುಗಳು ಬಹುತೇಕ ಸರಿ ಹೇಳುತ್ತವೆ. ದೊಡ್ಡ ಹಳದಿ ‘ಎಕ್ಸ್’ ಗುರುತು ‘ಇದೇ ಕೊನೆಯ ಬೋಗಿ’ ಎಂದು ಹೇಳುತ್ತದೆ. ಜೊತೆಗೆ ‘ಎಲ್‌ವಿ’ ಎಂಬ ಸಣ್ಣ ಹಲಗೆ ತೂಗುಹಾಕಿರುತ್ತಾರೆ, ಅಂದರೆ ಲಾಸ್ಟ್ ವೆಹಿಕಲ್. ರಾತ್ರಿ ಹೊತ್ತು ಕೆಂಪು ದೀಪ ಮಿನುಗುತ್ತದೆ.

ಇದನ್ನು ನೋಡುವವರು ಯಾರು? ಸ್ಟೇಷನ್ ಮಾಸ್ಟರ್, ಗೇಟ್‌ಮನ್, ಕ್ಯಾಬಿನ್ ಸಿಬ್ಬಂದಿ. ರೈಲು ಹಾದುಹೋದಾಗ ಕೊನೆಯಲ್ಲಿ ಈ ಗುರುತು ಕಾಣದಿದ್ದರೆ, ಕೊಂಡಿ ಕಳಚಿ ಕೆಲವು ಬೋಗಿಗಳು ಹಿಂದೆಯೇ ಉಳಿದಿರಬಹುದು ಎಂದರ್ಥ. ಆಗ ಹಿಂದಿನಿಂದ ಮತ್ತೊಂದು ರೈಲನ್ನು ಬಿಡುವಂತಿಲ್ಲ. ವಂದೇ ಭಾರತ್‌ನಂಥ ರೈಲುಗಳ ಹಿಂದೆ ಈ ಗುರುತು ಕಾಣದಿದ್ದರೆ ಗಾಬರಿ ಬೇಡ. ಎರಡೂ ತುದಿಯಲ್ಲಿ ಚಾಲಕರ ಕ್ಯಾಬಿನ್ ಇರುವ, ಒಂದೇ ಜೋಡಣೆಯಾಗಿ ಓಡುವ ರೈಲು ಅದು.

ಸಿಗ್ನಲ್ ಕಂಬದ ಮೇಲಿನ ‘ಎ’ ಮತ್ತು ‘ಜಿ’

ಸಿಗ್ನಲ್ ಬಣ್ಣಗಳು ಸುಲಭ. ಕೆಂಪು: ನಿಲ್ಲು. ಒಂದು ಹಳದಿ: ಮುಂದಿನ ಸಿಗ್ನಲ್‌ನಲ್ಲಿ ನಿಲ್ಲಲು ಸಿದ್ಧನಾಗಿ ಹೋಗು. ಎರಡು ಹಳದಿ: ಹೋಗು, ಆದರೆ ಮುಂದಿನ ಸಿಗ್ನಲ್ ನಿಧಾನಿಸಲು ಹೇಳಬಹುದು. ಹಸಿರು: ಮುಂದುವರಿ.

ಕಂಬದ ಮೇಲಿನ ಅಕ್ಷರದ ಬಗ್ಗೆ ಕೇಳುವವರು ಹೆಚ್ಚು. ಬಿಳಿ ಬಿಲ್ಲೆಯಲ್ಲಿ ಕಪ್ಪು ‘ಎ’ ಇದ್ದರೆ ಅದು ಆಟೊಮ್ಯಾಟಿಕ್ ಸಿಗ್ನಲ್. ಮುಂದಿನ ಹಳಿಯಲ್ಲಿ ರೈಲು ಇದೆಯೋ ಇಲ್ಲವೋ ಎಂಬುದರ ಮೇಲೆ ತಾನಾಗಿಯೇ ಬಣ್ಣ ಬದಲಿಸುತ್ತದೆ. ಹಳದಿ ಬಿಲ್ಲೆಯಲ್ಲಿ ಕಪ್ಪು ‘ಜಿ’ ಇದ್ದರೆ ಅದು ಗೇಟ್ ಸಿಗ್ನಲ್. ರಸ್ತೆಯ ಗೇಟು ಮುಚ್ಚಿ ಬೀಗ ಬೀಳದ ಹೊರತು ಇದು ಹಸಿರಾಗುವುದಿಲ್ಲ.

ಈ ‘ಜಿ’ ನಮಗೂ ಸಂಬಂಧಪಟ್ಟದ್ದು. ‘ಗೇಟು ಇಷ್ಟು ಬೇಗ ಯಾಕೆ ಹಾಕುತ್ತಾರೆ? ರೈಲು ಎಲ್ಲೂ ಕಾಣುತ್ತಿಲ್ಲವಲ್ಲ’ ಎಂದು ಗೇಟ್‌ಮನ್ ಜೊತೆ ಜಗಳವಾಡುವುದನ್ನು ಎಲ್ಲರೂ ನೋಡಿದ್ದೇವೆ. ಕಾರಣ ಇಷ್ಟೆ: ಗೇಟು ಮುಚ್ಚುವವರೆಗೆ ಸಿಗ್ನಲ್ ಸಿಗುವುದಿಲ್ಲ, ಸಿಗ್ನಲ್ ಸಿಗದಿದ್ದರೆ ದೂರದಿಂದಲೇ ರೈಲು ನಿಧಾನಿಸಬೇಕಾಗುತ್ತದೆ. ಹಾಗಾಗಿ ರೈಲು ಕಣ್ಣಿಗೆ ಕಾಣುವ ಬಹಳ ಮೊದಲೇ ಗೇಟು ಬೀಳಲೇಬೇಕು. ‘ಒಂದು ನಿಮಿಷ ಬಿಡಿ ಸಾರ್’ ಎಂದು ಗೇಟಿನ ಕೆಳಗೆ ಬೈಕ್ ತೂರಿಸುವವರು ಆ ಇಡೀ ವ್ಯವಸ್ಥೆಗೆ ಅಡ್ಡ ಬರುತ್ತಿದ್ದಾರೆ.

ಸ್ಟೇಷನ್ ಬೋರ್ಡಿನ ‘ಸಮುದ್ರ ಮಟ್ಟ’ ನೋಡಿ ಡ್ರೈವರ್ ವೇಗ ನಿರ್ಧರಿಸುತ್ತಾರೆಯೇ?

ಹೇಳಿಕೆ: ನಿಲ್ದಾಣದ ಹಳದಿ ಬೋರ್ಡಿನಲ್ಲಿ ಬರೆದಿರುವ ಸಮುದ್ರ ಮಟ್ಟದಿಂದ ಎತ್ತರವನ್ನು ನೋಡಿ, ಎಂಜಿನ್‌ಗೆ ಎಷ್ಟು ಶಕ್ತಿ ಕೊಡಬೇಕೆಂದು ಡ್ರೈವರ್ ತೀರ್ಮಾನಿಸುತ್ತಾರೆ.

ನಿಜ: ಇಲ್ಲ. ರೈಲು ಮಾರ್ಗ ಹಾಕುವಾಗ ಮಾಡಿದ ಸರ್ವೆಯ ಅಳತೆ ಅದು. ಹಳಿ, ಸೇತುವೆ, ಕಟ್ಟಡದ ಮಟ್ಟ ಹೊಂದಿಸಲು ಎಂಜಿನಿಯರ್‌ಗಳಿಗೆ ಬೇಕಾದ ಮಾಹಿತಿ. ಸ್ವಲ್ಪ ಯೋಚಿಸಿದರೂ ಸಾಕು. ಎರಡು ನಿಲ್ದಾಣಗಳು ಒಂದೇ ಎತ್ತರದಲ್ಲಿರಬಹುದು, ಆದರೆ ನಡುವೆ ಹಳಿ ಕಣಿವೆಗಿಳಿದು ಮತ್ತೆ ಏರಬಹುದು. ನಿಲ್ದಾಣದ ಎತ್ತರ ಆ ಏರಿಳಿತದ ಬಗ್ಗೆ ಏನೂ ಹೇಳುವುದಿಲ್ಲ.

ಪೈಲಟ್‌ಗೆ ಏರು-ಇಳಿಜಾರು ತಿಳಿಸುವುದು ಬೇರೆಯೇ ಒಂದು ಕಂಬ, ಗ್ರೇಡಿಯಂಟ್ ಪೋಸ್ಟ್. ಹಳಿ ಪಕ್ಕದ ಸಣ್ಣ ಕಂಬಕ್ಕೆ ಕೈಯಂತೆ ಚಾಚಿದ ಪಟ್ಟಿಗಳು, ಮೇಲಕ್ಕೆ ಬಾಗಿದ್ದರೆ ಏರು, ಕೆಳಕ್ಕೆ ಬಾಗಿದ್ದರೆ ಇಳಿಜಾರು, ಸಮತಟ್ಟಾಗಿದ್ದರೆ ‘ಎಲ್’, ಅಂದರೆ ಲೆವೆಲ್. ಅದರ ಮೇಲಿನ ಅಂಕಿ 50 ಎಂದಿದ್ದರೆ ಪ್ರತಿ 50 ಮೀಟರ್‌ಗೆ ಹಳಿ 1 ಮೀಟರ್ ಏರುತ್ತದೆ ಅಥವಾ ಇಳಿಯುತ್ತದೆ. ಅಂಕಿ ಸಣ್ಣದಾದಷ್ಟೂ ಏರು ಕಡಿದು.

ಕರ್ನಾಟಕದವರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿ.ಮೀ. ಘಾಟಿಯಲ್ಲಿ 57 ಸುರಂಗಗಳಿವೆ, ಇಳಿಜಾರು 50ಕ್ಕೆ 1. ಕ್ಯಾಸಲ್‌ರಾಕ್‌ನಿಂದ ದೂಧ್‌ಸಾಗರ್ ಮೂಲಕ ಕುಳೆಗೆ ಇಳಿಯುವ ಬ್ರಗಾಂಝಾ ಘಾಟಿ ಇನ್ನೂ ಕಡಿದು, 37ಕ್ಕೆ 1. ಇಂಥ ಕಡೆ ಪೈಲಟ್ ನಂಬುವುದು ಹಳಿ ಪಕ್ಕದ ಗ್ರೇಡಿಯಂಟ್ ಪೋಸ್ಟ್, ವೇಗ ಮಿತಿಯ ಫಲಕ, ಬ್ರೇಕ್ ಪರೀಕ್ಷೆ ಮತ್ತು ತನ್ನ ದಾರಿ ಪರಿಚಯವನ್ನು. ನಿಲ್ದಾಣದ ಬೋರ್ಡನ್ನಲ್ಲ.

ಕಂಬದ ಮೇಲಿನ ನಂಬರು ನಿಮಗೂ ಉಪಯೋಗಕ್ಕೆ ಬರುತ್ತದೆ

ವಿದ್ಯುತ್ ಮಾರ್ಗದಲ್ಲಿ ತಂತಿ ಹೊತ್ತ ಪ್ರತಿ ಕಂಬಕ್ಕೂ ಒಂದು ಸಂಖ್ಯೆ ಇರುತ್ತದೆ, ಉದಾಹರಣೆಗೆ ಮೇಲೆ 215, ಕೆಳಗೆ 12. ಮೇಲಿನದು ಕಿಲೋಮೀಟರ್, ಕೆಳಗಿನದು ಆ ಕಿಲೋಮೀಟರ್‌ನೊಳಗೆ ಎಷ್ಟನೇ ಕಂಬ ಎಂಬುದು. ಒಂದು ರೀತಿಯಲ್ಲಿ ಇದು ಹಳಿಯ ಮನೆ ನಂಬರು.

ಹೊರಗಿನ ಜನರಿಗೆ ಅತ್ಯಂತ ಉಪಯುಕ್ತವಾದ ಗುರುತು ಇದೇ, ಆದರೆ ಇದರ ಬಗ್ಗೆ ಫಾರ್ವರ್ಡ್ ಬರುವುದು ಅಪರೂಪ. ಹಳಿ ಬಿರುಕು ಬಿಟ್ಟಿರುವುದು, ಮರ ಬಿದ್ದಿರುವುದು, ಮಳೆಗೆ ಮಣ್ಣು ಕುಸಿದಿರುವುದು, ಯಾರೋ ರೈಲಿನಿಂದ ಬಿದ್ದಿರುವುದು ಕಂಡರೆ ‘ಊರಾಚೆ ದೊಡ್ಡ ಹುಣಸೆಮರದ ಹತ್ತಿರ’ ಎಂದರೆ ಕಂಟ್ರೋಲ್ ರೂಮಿನವರಿಗೆ ಏನೂ ತಿಳಿಯದು. ‘ಇಂಥ ಎರಡು ನಿಲ್ದಾಣಗಳ ನಡುವೆ, ಕಂಬ 215/12’ ಎಂದರೆ ಜಾಗ ಕರಾರುವಾಕ್ಕಾಗಿ ಗೊತ್ತಾಗುತ್ತದೆ. ರೈಲ್ವೆ ಸಹಾಯವಾಣಿ 139. ಹಿಂದೆ ಭದ್ರತೆಗೆಂದು ಇದ್ದ 182 ಕೂಡ 2021ರಿಂದ ಇದರಲ್ಲೇ ಸೇರಿದೆ, ಹಾಗಾಗಿ 182ಕ್ಕೆ ಕರೆ ಮಾಡಿ ಎನ್ನುವ ಹಳೆಯ ಮೆಸೇಜು ಬಂದರೆ ತಿದ್ದಿ. ಪೊಲೀಸರಿಗೆ 112. ರೈಲಿನೊಳಗೆ ಇರುವವರೂ ಕಿಟಕಿಯಾಚೆಯ ಕಂಬದ ನಂಬರ್ ಗಮನಿಸಿದರೆ ಸಾಕು.

ಹಾಂ, ನಂಬರ್ ಓದಲು ಹಳಿಯ ಮೇಲೆ ಹೋಗಬೇಡಿ. ದೂರದಿಂದ ಫೋನಿನ ಕ್ಯಾಮೆರಾ ಜೂಮ್ ಮಾಡಿದರೆ ಕಾಣುತ್ತದೆ.

25,000 ವೋಲ್ಟ್: ಮುಟ್ಟದಿದ್ದರೂ ಹೊಡೆಯುತ್ತದೆ

ತಲೆಬುರುಡೆ ಅಥವಾ ಮಿಂಚಿನ ಚಿತ್ರವಿರುವ ‘ಅಪಾಯ’ ಫಲಕ ಎಲ್ಲರೂ ನೋಡಿರುವುದೇ. ಆದರೆ ಬಹಳ ಜನ ಅದನ್ನು ಮನೆಯ ಕರೆಂಟಿನ ಅಳತೆಯಲ್ಲಿ ಅರ್ಥ ಮಾಡಿಕೊಳ್ಳುತ್ತಾರೆ. ಮನೆಯಲ್ಲಿರುವುದು 230 ವೋಲ್ಟ್. ಹಳಿಯ ಮೇಲಿನ ತಂತಿಯಲ್ಲಿ 25,000 ವೋಲ್ಟ್, ಅಂದರೆ ನೂರು ಪಟ್ಟಿಗೂ ಹೆಚ್ಚು. ಇಷ್ಟು ಒತ್ತಡದಲ್ಲಿ ವಿದ್ಯುತ್ ಗಾಳಿಯನ್ನೂ ದಾಟಿ ಹಾರಬಲ್ಲದು. ಮುಟ್ಟುವುದು ಬೇಕಿಲ್ಲ, ಹತ್ತಿರ ಹೋದರೆ ಸಾಕು. ಜೀವಂತ ತಂತಿಯಿಂದ ಕನಿಷ್ಠ 2 ಮೀಟರ್ ದೂರವಿರಬೇಕು ಎಂಬುದು ರೈಲ್ವೆಯ ಸ್ವಂತ ಸಿಬ್ಬಂದಿಗೂ ಇರುವ ನಿಯಮ.

ನಿಂತ ಗೂಡ್ಸ್ ವ್ಯಾಗನ್ ಮೇಲೆ ಹತ್ತಿ ಸೆಲ್ಫಿ ತೆಗೆಯಲು ಕೈ ಎತ್ತಿದವರು ಸುಟ್ಟುಹೋಗುವುದು ಈ ಕಾರಣಕ್ಕೆ. ‘ರೈಲು ಓಡುತ್ತಿಲ್ಲ, ತಂತಿಯಲ್ಲಿ ಕರೆಂಟ್ ಇರುವುದಿಲ್ಲ’ ಎಂಬ ಮಾತು ಪೂರ್ತಿ ಸುಳ್ಳು. ರೈಲು ಇರಲಿ ಬಿಡಲಿ, ತಂತಿ ಸದಾ ಜೀವಂತ ಎಂದೇ ತಿಳಿಯಬೇಕು. ಲೆವೆಲ್ ಕ್ರಾಸಿಂಗ್‌ನ ಎರಡೂ ಬದಿ ರಸ್ತೆಗೆ ಅಡ್ಡಲಾಗಿ ಇರುವ ಕಬ್ಬಿಣದ ಕಮಾನು ಕೂಡ ಇದೇ ಕಾರಣಕ್ಕೆ. ಅದಕ್ಕೆ ತಾಗುವಷ್ಟು ಎತ್ತರ ಹುಲ್ಲು, ಕಬ್ಬು, ಸಾಮಾನು ಹೇರಿದ ಲಾರಿ ಮುಂದೆ ಹೋಗುವಂತಿಲ್ಲ. ಮೇಲೆ ಕುಳಿತವರನ್ನು ಮೊದಲು ಕೆಳಗಿಳಿಸಬೇಕು. ಗಣೇಶನ ಮೆರವಣಿಗೆ, ತೇರು, ಎತ್ತರದ ಧ್ವಜ ಒಯ್ಯುವಾಗಲೂ ಈ ಕಮಾನನ್ನು ನೆನಪಿಡಿ.

ವಿದ್ಯುತ್ ಮಾರ್ಗದಲ್ಲಿ ‘500 ಮೀಟರ್’, ‘250 ಮೀಟರ್’, ‘ಡಿಜೆ’ ಎಂದು ಬರೆದ ಫಲಕಗಳೂ ಇರುತ್ತವೆ. ಈ ‘ಡಿಜೆ’ಗೂ ಮೆರವಣಿಗೆಯ ಡಿಜೆಗೂ ಸಂಬಂಧವಿಲ್ಲ. ಎರಡು ವಿದ್ಯುತ್ ವಿಭಾಗಗಳ ನಡುವೆ ಕರೆಂಟ್ ಇಲ್ಲದ ಒಂದು ಚಿಕ್ಕ ತುಂಡು ಇರುತ್ತದೆ. ಅದು ಬರುವ ಮುನ್ನ ಎಂಜಿನ್‌ನ ಮುಖ್ಯ ಸ್ವಿಚ್ ತೆಗೆದು, ದಾಟಿದ ಮೇಲೆ ಹಾಕಲು ಪೈಲಟ್‌ಗೆ ನೆನಪಿಸುವ ಬೋರ್ಡು ಇದು.

ನಮಗಾಗಿಯೇ ಇರುವ ಫಲಕಗಳು

ಈಗ ರಸ್ತೆಯ ಬದಿಗೆ ಬರೋಣ. ಕೆಂಪು ಅಂಚಿನ ತ್ರಿಕೋನದಲ್ಲಿ ಬೇಲಿಯಂಥ ಗೇಟಿನ ಚಿತ್ರ ಇದ್ದರೆ ಮುಂದೆ ಗೇಟ್ ಇರುವ ಕ್ರಾಸಿಂಗ್. ರೈಲು ಎಂಜಿನ್ ಚಿತ್ರ ಇದ್ದರೆ ಗೇಟ್ ಇಲ್ಲದ ಕ್ರಾಸಿಂಗ್. ಇದನ್ನು ಉಲ್ಟಾ ತಿಳಿದವರು ಬಹಳ ಜನ. ತ್ರಿಕೋನದ ಕೆಳಗೆ ಎರಡು ಪಟ್ಟಿ ಇದ್ದರೆ ಕ್ರಾಸಿಂಗ್ ಸುಮಾರು 200 ಮೀಟರ್ ದೂರ, ಒಂದೇ ಪಟ್ಟಿ ಇದ್ದರೆ ತೀರಾ ಹತ್ತಿರ.

ಬ್ರಾಡ್‌ಗೇಜ್ ಮಾರ್ಗಗಳಲ್ಲಿ ಕಾವಲಿಲ್ಲದ ಲೆವೆಲ್ ಕ್ರಾಸಿಂಗ್‌ಗಳನ್ನೆಲ್ಲ 2019ರ ಜನವರಿ ಹೊತ್ತಿಗೆ ತೆಗೆದುಹಾಕಲಾಯಿತು. ಉಳಿದಿರುವುದು ಕಾವಲಿರುವ ಗೇಟುಗಳು, ಜೊತೆಗೆ ನಾವೇ ಮಾಡಿಕೊಂಡ ಕಳ್ಳದಾರಿಗಳು. ಅಪಾಯ ಈಗ ಹೆಚ್ಚಾಗಿ ಈ ಎರಡನೆಯ ಕಡೆ ಇದೆ.

ಕಾನೂನು ಏನು ಹೇಳುತ್ತದೆ? 1989ರ ರೈಲ್ವೆ ಕಾಯ್ದೆಯ 147ನೇ ಕಲಮಿನ ಪ್ರಕಾರ ಅನುಮತಿಯಿಲ್ಲದೆ ಹಳಿ ಪ್ರದೇಶಕ್ಕೆ ಹೋಗುವುದು ಅಪರಾಧ, ಆರು ತಿಂಗಳವರೆಗೆ ಜೈಲು ಅಥವಾ ಸಾವಿರ ರೂಪಾಯಿವರೆಗೆ ದಂಡ ಅಥವಾ ಎರಡೂ. ಮುಚ್ಚಿದ ಗೇಟನ್ನು ತೆರೆದರೆ 160ನೇ ಕಲಮಿನಡಿ ಮೂರು ವರ್ಷದವರೆಗೆ, ಮುರಿದರೆ ಐದು ವರ್ಷದವರೆಗೆ ಜೈಲು.

ಹಳಿಯಿಂದ ಎಷ್ಟು ದೂರ ನಿಂತರೆ ಸುರಕ್ಷಿತ ಎಂಬುದಕ್ಕೂ ಒಂದು ಲೆಕ್ಕ ಇದೆ. ಬ್ರಾಡ್‌ಗೇಜ್ ಹಳಿಗಳ ನಡುವಿನ ಅಂತರ 1.676 ಮೀಟರ್. ಬೋಗಿಯ ಅಗಲ ಸುಮಾರು 3.24 ಮೀಟರ್. ಅಂದರೆ ಎರಡೂ ಬದಿ ಹಳಿಯಿಂದ ಆಚೆಗೆ ಮುಕ್ಕಾಲು ಮೀಟರ್‌ಗೂ ಹೆಚ್ಚು ಬೋಗಿ ಚಾಚಿರುತ್ತದೆ. ‘ಹಳಿಯ ಮೇಲೆ ನಿಂತಿಲ್ಲವಲ್ಲ, ಪಕ್ಕದಲ್ಲಿದ್ದೇನೆ’ ಎಂದು ರೀಲ್ಸ್ ಮಾಡುವವರಿಗೆ ರೈಲು ಬಡಿಯುವುದು ಹೀಗೆ. ಪ್ಲಾಟ್‌ಫಾರಂ ಅಂಚಿನ ಹಳದಿ ಗೆರೆಯೂ ಇದನ್ನೇ ಹೇಳುತ್ತದೆ.

‘ರೈಲು ನಿಧಾನವಾಗಿ ಬರುತ್ತಿರುವಂತೆ ಕಂಡಿತು’

ಅಪಘಾತದಿಂದ ಬಚಾವಾದವರು ಹೇಳುವ ಮಾತು ಇದು. ಇದು ಸುಳ್ಳಲ್ಲ, ಕಣ್ಣಿನ ಮೋಸ. ಅಮೆರಿಕದ ಮನೋವಿಜ್ಞಾನಿ ಹರ್ಷೆಲ್ ಲೀಬೊವಿಟ್ಜ್ 1985ರಲ್ಲಿ ಲೆವೆಲ್ ಕ್ರಾಸಿಂಗ್ ಅಪಘಾತಗಳ ಬಗ್ಗೆ ಬರೆಯುತ್ತಾ ಈ ವಿವರಣೆ ಕೊಟ್ಟರು: ದೊಡ್ಡ ವಸ್ತು ಅದೇ ವೇಗದಲ್ಲಿರುವ ಸಣ್ಣ ವಸ್ತುವಿಗಿಂತ ನಿಧಾನವಾಗಿ ಚಲಿಸುವಂತೆ ಕಾಣುತ್ತದೆ. ದೊಡ್ಡ ವಿಮಾನ ಇಳಿಯುವಾಗ ತೇಲುತ್ತಿರುವಂತೆ ಕಾಣುವುದು ನೆನಪಿಸಿಕೊಳ್ಳಿ. ರೈಲು ನೇರ ನಮ್ಮ ಕಡೆಗೇ ಬರುವಾಗ ಇನ್ನೂ ಕಷ್ಟ, ದೂರದಲ್ಲಿ ಅದು ಒಂದೇ ಜಾಗದಲ್ಲಿ ನಿಂತಂತೆ ಕಂಡು, ಹತ್ತಿರ ಬಂದಾಗ ಒಮ್ಮೆಲೇ ದೊಡ್ಡದಾಗುತ್ತದೆ. ಹಾಗಾಗಿ ಕಣ್ಣಳತೆಯನ್ನು ನಂಬಿ ಹಳಿ ದಾಟಬೇಡಿ. ಜೋಡಿ ಹಳಿಯಲ್ಲಿ ಒಂದು ರೈಲು ಹೋದ ತಕ್ಷಣ ನುಗ್ಗಬೇಡಿ, ಅದರ ಮರೆಯಲ್ಲಿ ಎದುರಿನಿಂದ ಇನ್ನೊಂದು ಬರುತ್ತಿರಬಹುದು.

ಗಾಡಿ ಹಳಿಯ ಮೇಲೆ ಸಿಕ್ಕಿಕೊಂಡರೆ ಏನು ಮಾಡಬೇಕು?

ಮೊದಲು ಒಳಗಿರುವ ಎಲ್ಲರನ್ನೂ ಇಳಿಸಿ. ಗಾಡಿ, ಸಾಮಾನು ಆಮೇಲೆ. ಹಳಿಯಿಂದ ದೂರ ಸರಿಯಿರಿ. ರೈಲು ಬರುವುದು ಕಂಡರೆ ಅದು ಬರುತ್ತಿರುವ ದಿಕ್ಕಿಗೇ ಓರೆಯಾಗಿ, ಹಳಿಯಿಂದ ಆಚೆಗೆ ಓಡಿ. ಡಿಕ್ಕಿಯಾದರೆ ಗಾಡಿಯ ಚೂರುಗಳು ರೈಲು ಸಾಗುವ ದಿಕ್ಕಿಗೆ ಎರಚುತ್ತವೆ, ನೀವು ಅದರ ಎದುರು ಬದಿಗಿದ್ದರೆ ಪಾರಾಗುತ್ತೀರಿ.

ಕೂಡಲೇ ಗೇಟ್‌ಮನ್‌ಗೆ ಹೇಳಿ. ಅವರ ಬಳಿ ಸ್ಟೇಷನ್‌ಗೆ ನೇರ ಫೋನ್, ಕೆಂಪು ಬಾವುಟ, ಹಳಿಯ ಮೇಲೆ ಇಟ್ಟರೆ ಗಾಲಿ ಹತ್ತಿದಾಗ ಸಿಡಿಯುವ ಡಿಟೊನೇಟರ್‌ಗಳು ಇರುತ್ತವೆ. ಬ್ರಾಡ್‌ಗೇಜ್‌ನಲ್ಲಿ ಇವುಗಳನ್ನು ಅಡಚಣೆಯಿಂದ 600 ಮೀಟರ್ ದೂರದಲ್ಲಿ ಒಂದು, 1200 ಮೀಟರ್ ದೂರದಲ್ಲಿ ಹತ್ತು ಹತ್ತು ಮೀಟರ್ ಅಂತರದಲ್ಲಿ ಮೂರು ಇಡಬೇಕೆಂಬ ನಿಯಮವಿದೆ.

‘ಕೆಂಪು ಬಟ್ಟೆ ಬೀಸಿದರೆ ರೈಲು ನಿಲ್ಲುತ್ತದೆ’ ಎಂಬ ಮಾತು ಅರ್ಧ ನಿಜ. ಹಗಲಲ್ಲಿ ಕೆಂಪು ಬಾವುಟ ತೋರಿಸುವುದು ಅಥವಾ ಎರಡೂ ಕೈಗಳನ್ನು ತಲೆಯ ಮೇಲೆ ಎತ್ತುವುದು, ರಾತ್ರಿ ಕೆಂಪು ದೀಪ ಅಥವಾ ಬಿಳಿ ದೀಪವನ್ನು ಮೈಗೆ ಅಡ್ಡಲಾಗಿ ಜೋರಾಗಿ ಬೀಸುವುದು ರೈಲ್ವೆ ನಿಯಮದಲ್ಲೇ ಇರುವ ‘ನಿಲ್ಲು’ ಸಂಕೇತಗಳು. ಪೈಲಟ್ ಕಂಡರೆ ಬ್ರೇಕ್ ಹಾಕುತ್ತಾರೆ. ಆದರೆ ಅಡಚಣೆಯ ಪಕ್ಕದಲ್ಲೇ ನಿಂತು ಬೀಸಿದರೆ ಪ್ರಯೋಜನವಿಲ್ಲ. ರೈಲು ನಿಲ್ಲಲು ಜಾಗ ಬೇಕು. ಹಳಿಯ ಮೇಲಲ್ಲ, ಪಕ್ಕದಲ್ಲಿ ಸುರಕ್ಷಿತ ದೂರದಲ್ಲಿ, ರೈಲು ಬರುವ ದಿಕ್ಕಿಗೆ ಆದಷ್ಟು ಮುಂದೆ ಹೋಗಿ ತೋರಿಸಬೇಕು.

ಒಟ್ಟಿನಲ್ಲಿ

‘ಡಬ್ಲ್ಯು/ಎಲ್’: ಕ್ರಾಸಿಂಗ್ ಇದೆ, ಸೀಟಿ ಹಾಕು.
‘ಟಿ/ಪಿ’, ‘ಟಿ/ಜಿ’: ಪ್ಯಾಸೆಂಜರ್, ಗೂಡ್ಸ್ ರೈಲಿಗೆ ವೇಗ ಮಿತಿ ಮುಗಿಯಿತು.
ಹಳದಿ ತ್ರಿಕೋನದಲ್ಲಿ ಅಂಕಿ: ಇಷ್ಟೇ ವೇಗ.
‘ಎಕ್ಸ್’, ‘ಎಲ್‌ವಿ’: ಕೊನೆಯ ಬೋಗಿ.
ಸಿಗ್ನಲ್ ಕಂಬದ ‘ಜಿ’: ಗೇಟಿಗೆ ಸೇರಿದ ಸಿಗ್ನಲ್.
ಸಮುದ್ರ ಮಟ್ಟದ ಎತ್ತರ: ಸರ್ವೆಯ ಅಳತೆ, ವೇಗಕ್ಕೆ ಸಂಬಂಧವಿಲ್ಲ.
ಕಂಬದ ನಂಬರ್: ತುರ್ತಿನಲ್ಲಿ 139ಕ್ಕೆ ಹೇಳಬೇಕಾದ ವಿಳಾಸ.

ಮುಂದಿನ ಸಲ ಗುಂಪಿನಲ್ಲಿ ಹಳದಿ ಬೋರ್ಡಿನ ಫೋಟೊ ಬಂದರೆ ಬರೀ ಅರ್ಥ ಹೇಳಿ ಬಿಡಬೇಡಿ. ಆ ಬೋರ್ಡು ದಾಟಿದ ರೈಲು ಗೇಟಿಗೆ ಬರಲು 20 ಸೆಕೆಂಡ್ ಸಾಕು ಎಂಬುದನ್ನೂ ಸೇರಿಸಿ ಕಳಿಸಿ. ನಿಮ್ಮ ಗುಂಪಿನಲ್ಲಿ ದಿನಾ ಹಳಿ ದಾಟಿ ಶಾಲೆಗೆ, ಹೊಲಕ್ಕೆ, ಕೆಲಸಕ್ಕೆ ಹೋಗುವವರು ಒಬ್ಬರಾದರೂ ಇರುತ್ತಾರೆ. ಅವರಿಗೆ ಬೇಕಾಗಿರುವುದು ಆ ಎರಡನೆಯ ಮಾತು.